ಮುದುಕಿ ಎಂಬ ಹೆಸರು

ನಿರಾಶ್ರಿತರ ಬಿಡಾರ, ಲಾಂಡ್ಸ್‌ಬರ್ಗ್, ಜರ್ಮನಿ
೭ ಮಾರ್ಚ್ ೧೯೪೭, ಶುಕ್ರವಾರ

ಪ್ರೀತಿಯ ಫಿಶೆಲಣ್ಣಾ,

ಹೇಗಿದ್ದೀಯ? ಪೆಶೆ ಅತ್ತಿಗೆಯ ಸೊಂಟನೋವು ಹೇಗಿದೆ? ಎಲ್ಲಕ್ಕಿಂತ ಮೊದಲು, ಮಗುವಿನ ಕೆಮ್ಮು ನಿಂತಿತೇ? ಮೆಲ್ಬರ್ನಿನಲ್ಲಿ ಈಗ ಸೆಕೆಯೋ ಚಳಿಯೋ ನನಗೆ ತಿಳಿಯದು. ಯಾವುದಾದರೂ ಸರಿ, ಎದೆಗೆ ಬಾತಿನ ಕೊಬ್ಬು ಸವರಿ ಉಣ್ಣೆ ಬಟ್ಟೆ ಸುತ್ತಿರಿ. ನಾನು ಚೆನ್ನಾಗಿದ್ದೇನೆ. ಥೂ ಥೂ ಥೂ, ದೃಷ್ಟಿ ತಾಗದಿರಲಿ. ಮೂರನೇ ತರಗತಿಗೇ ನಿಂತ ಓದು ನನ್ನದು, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಈ ಕಾಗದ ದಾರಿಯಲ್ಲಿ ಕಡಲಿಗೆ ಬಿದ್ದರೆ ಏನು ಗತಿ ಎಂದು ಈಗಲೇ ದಿಗಿಲು.

ನಾನು ಸತ್ತೆನೆಂದು ನಂಬಿ ನೀನು ದೀಪ ಹಚ್ಚಿದ್ದು, ಹುಟ್ಟಿದ ಮಗಳಿಗೆ ನನ್ನ ನೆನಪಿಗೆ ಫ್ರುಮೆಟ್ ಎಂದೇ ಹೆಸರಿಟ್ಟದ್ದು, ಆಮೇಲೆ ನಮ್ಮೂರಿನ ದರ್ಜಿ ಜೆಲಿಗ್ ಅಲ್ಲಿಗೆ ಬಂದಿಳಿದು ನಾನು ಬದುಕಿರುವ ಸುದ್ದಿ ಹೇಳಿದ್ದು ಎಲ್ಲ ಓದಿದೆ. ಅತ್ತೆ, ನಕ್ಕೆ, ಮತ್ತೆ ಅತ್ತೆ. ನಿಮ್ಮ ಹೆದರಿಕೆಯೂ ನನಗೆ ಅರ್ಥವಾಯಿತು. ನಮ್ಮ ಯೆಹೂದಿಗಳಲ್ಲಿ ಬದುಕಿರುವವರ ಹೆಸರನ್ನು ಮಗುವಿಗೆ ಇಡಬಾರದು. ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಸಾವಿನ ದೂತ ಒಬ್ಬರಿಗಾಗಿ ಬಂದು ಇನ್ನೊಬ್ಬರನ್ನು ಒಯ್ಯುತ್ತಾನೆ ಎಂದು ಅಜ್ಜಿ ಹೇಳುತ್ತಿದ್ದಳಲ್ಲ. ಮಗು ಕೆಮ್ಮಿದಾಗಲೆಲ್ಲ ಅತ್ತಿಗೆ ನಡುಗುತ್ತಾಳೆ, ಬೇರೆ ಹೆಸರಿನಿಂದ ಕರೆದರೆ ಮಗು ತಿರುಗಿಯೂ ನೋಡುವುದಿಲ್ಲ ಎಂದು ಬರೆದಿದ್ದೀಯ. ಹಡಗಿನ ಚೀಟಿ ಬಂದಿದ್ದರೂ ಬರಲೋ ಬೇಡವೋ ಎಂದು ನನಗೆ ಅನ್ನ ಸೇರುತ್ತಿಲ್ಲ.

ಜರ್ಮನರ ಕ್ಯಾಂಪಿನಿಂದ ಯಾವ ಜಾಣತನದಿಂದ ಉಳಿದೆ ಎಂದು ಕೇಳಿದ್ದೀಯ. ಜಾಣತನವೇ, ನನಗೇ? ರಸ್ತೆ ದಾಟಲು ನಿನ್ನ ಕೋಟು ಹಿಡಿಯುತ್ತಿದ್ದವಳು ನಾನು. ಒಂದು ದಿನ ಗಂಜಿಯ ಸಾಲಿನಲ್ಲಿ ಮುಂದೆಯೇ ಇದ್ದೆ, ನೋಡಿದರೆ ಬಟ್ಟಲೇ ಇಲ್ಲ. ಪಕ್ಕದ ಹಲಗೆಯಲ್ಲಿ ಮಲಗುತ್ತಿದ್ದ ಗ್ನೆಂಡಲ್, “ತಲೆ ಕುತ್ತಿಗೆಗೆ ಅಂಟ್ಕೊಂಡಿದೆ, ಇಲ್ದಿದ್ರೆ ಅದನ್ನೂ ಮರೆತು ಬರ್ತಿದ್ದೆ” ಎಂದು ಬೈದಳು. ಬಟ್ಟಲು ತರುವಷ್ಟರಲ್ಲಿ ಸಾಲಿನ ಮುಂದಿದ್ದವರನ್ನೆಲ್ಲ ಲಾರಿಗೆ ಹತ್ತಿಸಿದ್ದರು. ಅವರು ತಿರುಗಿ ಬರಲಿಲ್ಲ. ಇನ್ನೊಂದು ದಿನ ಇನ್ನೊಬ್ಬಳು ಬಟ್ಟಲು ಮರೆತಳು, ಅದಕ್ಕೇ ಅವಳನ್ನು ಬಡಿದು ಕೊಂದರು. ಇದರಲ್ಲಿ ಲೆಕ್ಕ ಎಲ್ಲಿದೆ, ಹೇಳು.

ಕ್ಯಾಂಪಿನ ಕೊನೆಯ ಚಳಿಗಾಲ ನನಗೆ ಟೈಫಸ್ ಜ್ವರ ಬಂತು. ನಿನಗೆ ದಡಾರ ಬಂದಾಗ ಅಜ್ಜಿ ನಿನ್ನ ಹೆಸರು ಬದಲಿಸಲು ಹೊರಟಿದ್ದಳು, ನೆನಪಿದೆಯೇ? ಗ್ನೆಂಡಲ್ ಅದನ್ನೇ ಮಾಡಿದಳು. ಆಗ ನನಗೆ ಹತ್ತೊಂಬತ್ತು, ಅವಳು ಇಟ್ಟ ಹೆಸರು ಆಲ್ಟೆ, ಮುದುಕಿ! “ಸಾವಿನ ದೂತನೂ ಪೊಲೀಸಿನವನ ಥರಾನೇ ಕಣೇ, ಹೆಸರು ಹಿಡ್ಕೊಂಡು ಹುಡುಕ್ತಾನೆ. ಫ್ರುಮೆಟ್ ಅನ್ನೋಳು ಯಾರೂ ಇಲ್ಲ ಸ್ವಾಮಿ, ಒಬ್ಬಳು ಮುದುಕಿ ಇದ್ದಾಳೆ, ಮೊಮ್ಮಕ್ಕಳ ಮದುವೆ ನೋಡೋವರೆಗೂ ಅವಳು ಸಾಯೋಳಲ್ಲ ಅಂತೀನಿ” ಎಂದಳು. ನನ್ನ ಜ್ವರ ಇಳಿಯಿತು. ಆಮೇಲೆ ಅವಳಿಗೇ ಜ್ವರ ಏರಿತು. ನಾನೂ ಅವಳಿಗೆ ಹೊಸ ಹೆಸರಿಟ್ಟೆ, ಕಿವಿಯಲ್ಲಿ ಕೂಗಿ ಕೂಗಿ ಕರೆದೆ. ಅವಳು ಉಳಿಯಲಿಲ್ಲ. ಅದೇ ಜ್ವರ, ಅದೇ ಉಪಾಯ. ಅದೃಷ್ಟ ಅಂದರೆ ಅಷ್ಟೇ ಅಣ್ಣಾ, ನನಗೆ ಬೇರೆ ಗುಟ್ಟು ಗೊತ್ತಿಲ್ಲ. ಇಂಗ್ಲಿಷ್ ಸಿಪಾಯಿಗಳು ಬಂದು ಹೆಸರು ಕೇಳಿದಾಗ ನನ್ನ ಬಾಯಿಂದ ಬಂದದ್ದು ಆಲ್ಟೆ. ನೀನು ಫ್ರುಮೆಟ್ ಎಂದು ಎಲ್ಲಿ ವಿಚಾರಿಸಿದರೂ ನಾನು ಸಿಗದೆ ಹೋದದ್ದು ಇದಕ್ಕೇ.

ಇಲ್ಲಿ ಹಿಮ ಕರಗುತ್ತಿದೆ. ಬಿಡಾರದಲ್ಲಿ ವಾರಕ್ಕೊಂದು ಮದುವೆ, ಎಲ್ಲರಿಗೂ ಅದೇ ಒಂದು ಬಿಳಿ ಉಡುಪು; ಬಿಗಿ ಮಾಡುವುದು, ಸಡಿಲ ಮಾಡುವುದು ನನ್ನ ಕೆಲಸ. ಹಡಗಿನಲ್ಲಿ ವಾಂತಿಯಾದರೆ ನಿಂಬೆಹಣ್ಣು ಎಲ್ಲಿ ಸಿಗುತ್ತದೋ. ಅತ್ತಿಗೆಗೆ ನನ್ನ ಅಪ್ಪುಗೆ, ಮಗುವಿಗೆ ಮುತ್ತು. ಈ ಶುಕ್ರವಾರ ಸಂಜೆ ನಿಮ್ಮ ಮನೆಯ ಸಬ್ಬತ್ ದೀಪಗಳು ಶಾಂತವಾಗಿ ಉರಿಯಲಿ.

ನಿನ್ನ ತಂಗಿ

ಇನ್ನೊಂದು ಮಾತು: ರುಜುವಿನಲ್ಲಿ ಹೆಸರು ಹಾಕಲು ಕೈ ಬರಲಿಲ್ಲ, ಅಂಚೆಯವನು ಹೊರಟು ನಿಂತಿದ್ದಾನೆ, ಈಗ ಹಾಕುತ್ತೇನೆ. ಮಗುವಿನ ಹೆಸರು ಬದಲಿಸಬೇಡಿ. ಫ್ರುಮೆಟ್ ಅವಳದೇ, ಕೊಟ್ಟೆ. ಗ್ನೆಂಡಲ್ ಇಟ್ಟದ್ದು ನನಗೆ ಸಾಕು. ಬಂದರಿಗೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾ, ಶಾಲು ಮರೆಯಬೇಡ, ಗಾಳಿ ಇರುತ್ತದೆ. ಫ್ರುಮೆಟ್ ಎಂದು ಕೂಗಿದರೆ ನಾನು ತಿರುಗುವುದಿಲ್ಲ, ಅವಳು ತಿರುಗಲಿ. ನನ್ನನ್ನು ಮುದುಕಿ ಎಂದು ಕೂಗು. ಆಲ್ಟೆ.