ಫೈಲು ತೆರೆಯುವ ಮುಂಚಿನ ಒಂದೂಮುಕ್ಕಾಲು ಗಂಟೆ

ದೊಡ್ಡಾಸ್ಪತ್ರೆಯ ಮುಖ್ಯಾಧಿಕಾರಿಗಳೇ,

ಇವತ್ತು ನನ್ನ ಉಪವಾಸ. ಮನೆ ಗುಡಿಸಿ, ನೀರು ತುಂಬಿ, ದೇವರಿಗೆ ದೀಪ ಹಚ್ಚಿ ಕೂತಿದ್ದೇನೆ. ಒಬ್ಬಳ ಮನೆಗೆಲಸ ಎಷ್ಟು ಹೊತ್ತಿನದು, ಬೇಗ ಮುಗಿದುಹೋಗುತ್ತದೆ. ಉಳಿದ ಹೊತ್ತಿನಲ್ಲಿ ಈ ದೂರನ್ನು ಊರೆಲ್ಲ ಓದಲೆಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನನ್ನ ಗಂಡನ ಚಿಕಿತ್ಸೆಯ ಕಾಗದದಲ್ಲಿ ಬಂದ ಹೊತ್ತನ್ನು ನೀವು ಸುಳ್ಳು ಬರೆದಿದ್ದೀರಿ. ಅದನ್ನು ತಿದ್ದಬೇಕು.

ಅವರು ಬೀಗ ರಿಪೇರಿ ಮಾಡುತ್ತಿದ್ದರು. ದೇವರಲ್ಲಿ ಅವರಿಗೆ ಅಷ್ಟೇನೂ ನಂಬಿಕೆಯಿರಲಿಲ್ಲ, ಆದರೂ ನಾನು ಉಪವಾಸ ಹಿಡಿದ ದಿನ ತಾವೂ ಉಣ್ಣುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ನೀನು ರುಚಿ ನೋಡದೆ ಬಡಿಸಿದ್ರೆ ಉಪ್ಪು ಹೆಚ್ಚಾಗತ್ತೆ" ಎಂದು ರೇಗಿಸುತ್ತಿದ್ದರು. ಅಂಥ ಒಂದು ಉಪವಾಸದ ಮಾರನೆಯ ಬೆಳಿಗ್ಗೆ ಆರಕ್ಕೆ ಎದೆ ಉರಿ ಎಂದರು. ಖಾಲಿ ಹೊಟ್ಟೆಯ ಉರಿ ಎಂದುಕೊಂಡು ಬಿಸಿನೀರು ಕೊಟ್ಟೆ, ಬೆನ್ನು ನೀವಿದೆ. ಅರ್ಧ ಗಂಟೆ ಹಾಗೇ ಕಳೆಯಿತು. ಬೆವರು ಕಿತ್ತುಕೊಂಡು ಬಂದ ಮೇಲೆ ಆಟೋ ಹತ್ತಿಸಿದೆ.

ಏಳು ಗಂಟೆ ಐದು ನಿಮಿಷಕ್ಕೆ ನಿಮ್ಮ ಗೇಟಿನಲ್ಲಿದ್ದೆವು. ಇದು ನನ್ನ ಲೆಕ್ಕವಲ್ಲ, ನಿಮ್ಮ ಕಾವಲುಗಾರರು ಆಟೋ ನಂಬರಿನ ಜೊತೆ ತಮ್ಮ ಪುಸ್ತಕದಲ್ಲಿ ಬರೆದುಕೊಂಡದ್ದು. ಒಳಗೆ ಎದೆಗೆ ತಂತಿ ಹಚ್ಚಿ ನೋಡಿದರು. ಹಾರ್ಟ್ ಅಟ್ಯಾಕು, ಕಟ್ಟಿದ ರಕ್ತನಾಳಕ್ಕೆ ಸ್ಟೆಂಟ್ ಹಾಕಬೇಕು ಎಂದರು. ಹಾಕುವ ಕೋಣೆಯ ಮುಂದಿನ ಬೆಂಚಿನಲ್ಲಿ ಕೂರಿಸಿದರು. ಕೋಣೆಗೆ ಬೀಗ.

ಅವರು ಆ ಬೀಗವನ್ನೇ ನೋಡುತ್ತಿದ್ದರು. "ನನ್ನ ಸಾಮಾನಿನ ಡಬ್ಬಿ ತಂದಿದ್ರೆ ಎರಡು ನಿಮಿಷದ ಕೆಲಸ ಕಣೇ" ಎಂದರು. ನನಗೆ ನಗು ಬಂತು. ಅವರ ಜೊತೆ ನಾನು ನಕ್ಕದ್ದು ಅದೇ ಕೊನೆ.

ಎಷ್ಟು ಹೊತ್ತಾದರೂ ಯಾರೂ ಬಾರದಿದ್ದಾಗ ಹೆಸರಾದರೂ ಬರೆದುಕೊಳ್ಳಿ ಎಂದು ನರ್ಸಮ್ಮನ ಕೈ ಹಿಡಿದೆ. ಆಕೆ ಒಳ್ಳೆಯವಳು, ಮೆಲ್ಲಗೆ ನಿಜ ಹೇಳಿಬಿಟ್ಟಳು. "ಈಗ್ಲೇ ಫೈಲ್ ತೆರೆದ್ರೆ ಟೈಮ್ ಓಡೋಕೆ ಶುರುವಾಗತ್ತಮ್ಮ. ಡಾಕ್ಟ್ರು ಬರ್ಲಿ, ಆಮೇಲೆ ತೆರೀತೀವಿ."

ಮಾನ್ಯರೇ, ಫೈಲು ತೆರೆಯದಿದ್ದರೆ ಟೈಮು ನಿಂತಿರುತ್ತದೆಯೇ? ಹಾಗಾದರೆ ನನ್ನವರ ಹೃದಯಕ್ಕೆ ಆ ಆಜ್ಞೆ ಯಾಕೆ ತಲುಪಲಿಲ್ಲ? ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಅಷ್ಟು ದೊಡ್ಡ ವಿದ್ಯೆ ನಮಗೆ ಕಲಿಸಲಿಲ್ಲ.

ಎಂಟು ಐವತ್ತಕ್ಕೆ ಫೈಲು ತೆರೆದಿರಿ, ಅದನ್ನೇ ನಾವು ಬಂದ ಹೊತ್ತು ಎಂದು ಬರೆದಿರಿ. ಒಂಬತ್ತೂವರೆಗೆ ಸ್ಟೆಂಟ್ ಕೂತಿತು. ಅಂದರೆ ನಿಮ್ಮ ಕಾಗದದ ಪ್ರಕಾರ ಬಂದ ನಲವತ್ತೇ ನಿಮಿಷಕ್ಕೆ ಚಿಕಿತ್ಸೆ. "ಬಂದ ತೊಂಬತ್ತು ನಿಮಿಷದೊಳಗೆ ಸ್ಟೆಂಟ್" ಎಂದು ಬಾಗಿಲಲ್ಲಿ ಬೋರ್ಡು ಹಾಕಿಕೊಂಡಿದ್ದೀರಲ್ಲ, ಅದರ ಕಿರೀಟಕ್ಕೆ ನನ್ನವರೂ ಒಂದು ಗರಿಯಾದರು. ರಕ್ತನಾಳ ಚೆನ್ನಾಗಿ ತೆರೆಯಿತಂತೆ. ಆದರೆ ರಕ್ತ ಕಾಣದೆ ಹೃದಯ ಅಷ್ಟರಲ್ಲಿ ಬಹಳ ಮಟ್ಟಿಗೆ ಸತ್ತಿತ್ತಂತೆ. ಮೂರನೆಯ ದಿನ ಅವರು ಹೋದರು.

ಡಾಕ್ಟರು ಪಾಪ, ಬೇಸರದಿಂದಲೇ ಕೇಳಿದರು, "ಯಾಕಮ್ಮಾ ಇಷ್ಟು ತಡವಾಗಿ ಬಂದ್ರಿ?"

"ಬಂದಿದ್ವಿ ಸಾರ್. ಹೊರಗಡೆ ಇದ್ವಿ."

ಈಗ ಮನೆಯಲ್ಲಿ ಮಾತಾಡುವವರಿಲ್ಲ. ಗಿರಾಕಿಗಳು ಬಿಟ್ಟುಹೋದ ಬೀಗಗಳು ಕಿಟಕಿಯ ಬಳಿ ಸಾಲಾಗಿ ಕೂತಿವೆ. ಧೂಳು ಒರೆಸುತ್ತೇನೆ, ಮತ್ತೆ ಅಲ್ಲೇ ಇಡುತ್ತೇನೆ. ಉಪವಾಸವನ್ನೂ ಬಿಟ್ಟಿಲ್ಲ. ಪ್ರತಿ ಸಲ ದೀಪದ ಮುಂದೆ ಕೂತು ಆ ಬಿಸಿನೀರಿನ ಅರ್ಧ ಗಂಟೆ ನನ್ನದೇ ತಪ್ಪೆಂದು ದೇವರಿಗೆ ಒಪ್ಪಿಸುತ್ತೇನೆ. ಇಲ್ಲಿ ಊರಿಗೆಲ್ಲ ಕಾಣುವಂತೆ ಬರೆದೂ ಇದ್ದೇನೆ. ನಿಮ್ಮ ಒಂದೂಮುಕ್ಕಾಲು ಗಂಟೆಯನ್ನು ನೀವು ಎಲ್ಲಿ ಬರೆದಿದ್ದೀರಿ?

ನನಗೆ ಪರಿಹಾರ ಬೇಡ. ಅವರ ಕಾಗದದಲ್ಲಿ "ಬಂದ ಹೊತ್ತು: ಏಳು ಗಂಟೆ ಐದು ನಿಮಿಷ" ಎಂದು ತಿದ್ದಿ, ರುಜು ಹಾಕಿ. ಇನ್ನು ಮುಂದೆ ಗೇಟಿನ ಪುಸ್ತಕದಲ್ಲಿರುವ ಹೊತ್ತೇ ಎಲ್ಲರ ಫೈಲಿಗೂ ಇಳಿಯಲಿ. ಆಗ ನಿಮ್ಮ ಬೀಗದ ಕೈ ತಾನೇ ಬೇಗ ಬರುತ್ತದೆ.

ತಿದ್ದಿದ ಕಾಗದವನ್ನು ಆ ಕಾವಲುಗಾರರ ಹತ್ತಿರ ಕೊಟ್ಟಿರಿ. ಇದನ್ನು ಓದುವವರಲ್ಲಿ ಯಾರಾದರೂ ಆ ಕಡೆ ಹೋಗುವವರಿದ್ದರೆ ದಯವಿಟ್ಟು ಅದನ್ನು ನನಗೆ ತಂದುಕೊಡಿ. ಗೇಟಿನವರೆಗೆ ನಾನು ಎರಡು ಸಲ ಹೋಗಿದ್ದೆ. ದಾಟಲು ಕಾಲು ಏಳಲಿಲ್ಲ.

ಇಂತಿ,
ಹೊತ್ತಿಗೆ ಬಂದು ಹೊರಗೆ ಕೂತಿದ್ದವಳು