ಮೂರನೆಯ ನಿಮಿಷದ ಬೊಗಳು

ಪಾಂಚೆವೊ
8 ಅಕ್ಟೋಬರ್ 2024, ಮಂಗಳವಾರ

ಫೋನಿನಲ್ಲಿ ‘ನಾಯಿ’ ಎಂದೊಡನೆ ಸಿಗ್ನಲ್ ಕಳೆದುಕೊಳ್ಳುವ ನನ್ನ ಪ್ರೀತಿಯ ಅಣ್ಣ ಲ್ಯುಬಿಶಾನಿಗೆ,

ಈ ಕಾಲದಲ್ಲಿ ಕಾಗದವೇಕೆ ಎಂದು ಹುಬ್ಬೇರಿಸಬೇಡ. ಕಾಗದಕ್ಕೆ ಸಿಗ್ನಲ್ ಬೇಕಿಲ್ಲ, ಹಾಗಾಗಿ ನೀನು ನಡುವೆ ‘ಹಲೋ, ಹಲೋ, ಕೇಳ್ತಿಲ್ಲ’ ಎಂದು ನಾಟಕವಾಡಲು ಬರುವುದಿಲ್ಲ. ಅಲ್ಲದೆ ನಾನು ಹೇಳಬೇಕಾದ್ದು ಎದುರಿಗೆ ಹೇಳಲಾರದ್ದು. ಅದು ಕೊನೆಗೆ ಬರುತ್ತದೆ, ಮೊದಲೇ ಹಾರಿ ಓದಬೇಡ.

ಮೊದಲು ಮರಿಯ ಸಮಾಚಾರ. ನನ್ನ ನಾಯಿ ಕಿಫ್ಲಾ ಹೆತ್ತ ಐದರಲ್ಲಿ ನಾಲ್ಕು ಒಳ್ಳೆಯ ಮನೆ ಸೇರಿದವು. ಉಳಿದದ್ದು ಒಂದು. ಹಳದಿ ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಇನ್ನೂ ಯೋಚನೆ ಮಾಡುತ್ತಿದೆ. ಟೈರ್ ಅಂಗಡಿಯವನು ಬಂದು ನೋಡಿ ಹೋದ. ‘ಗೂಡು ರೆಡಿ, ಸರಪಳಿ ರೆಡಿ, ನಾಯಿ ಒಂದೇ ಬಾಕಿ ಮೇಡಂ’ ಅಂದ. ಶುಕ್ರವಾರದವರೆಗೆ ಗಡುವು ಕೇಳಿದ್ದೇನೆ. ಹೋದ ತಿಂಗಳು ನಿನ್ನನ್ನು ಕೇಳಿದಾಗ ನೀನಂದದ್ದು ಇಷ್ಟೇ: ‘ನನ್ನ ಕೈಗೆ ನಾಯಿ ಕೊಡಬೇಡ ನೆವಾ. ಸಾಕೋ ಯೋಗ್ಯತೆ ನನಗಿಲ್ಲ ಅಂತ ಯಾವಾಗಲೋ ತೀರ್ಮಾನ ಆಗಿಹೋಗಿದೆ.’ ಆಮೇಲೆ ಸಿಗ್ನಲ್ ಹೋಯಿತು.

ಆ ತೀರ್ಮಾನ ಎಂದು ಆಯಿತೆಂದು ನಿನಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಈ ಕಾಗದದ ಜೊತೆ ಒಂದು ಕ್ಯಾಸೆಟ್ ಕಳಿಸುತ್ತಿದ್ದೇನೆ. ಅಮ್ಮನ ಹೊಲಿಗೆ ಯಂತ್ರದ ಖಾನೆಯಲ್ಲಿ, ಗುಂಡಿಗಳ ಡಬ್ಬಿಯ ಕೆಳಗಿತ್ತು. ಮೇಲೆ ನಿನ್ನದೇ ಅಕ್ಷರ: ‘ಕಸ್ಟಮ್ಸ್. ಮೇ 1985. ಹಾಳು.’ ಆ ‘ಹಾಳು’ ಎಷ್ಟು ಒತ್ತಿ ಬರೆದಿದ್ದೀ ಎಂದರೆ ಲೇಬಲ್ ಹರಿದಿದೆ.

ನೆನಪಿದೆಯೇನೋ, ನಿನ್ನ ಆ ಕಂಪ್ಯೂಟರ್ ನಮ್ಮ ಮನೆಗೆ ಬಂದದ್ದೇ ನಮ್ಮ ನಾಯಿ ಜೂಚಾನ ಹೊಟ್ಟೆಯ ಅಡಿಯಲ್ಲಿ. ಆಗಿನ ಕಾನೂನಿನಲ್ಲಿ ಅಷ್ಟು ಬೆಲೆಯ ಯಂತ್ರವನ್ನು ಗಡಿ ದಾಟಿಸುವಂತಿರಲಿಲ್ಲ. ಇಟಲಿಯ ತ್ರಿಯೆಸ್ತೆಯಿಂದ ಬರುವಾಗ ಅಪ್ಪ ಅದನ್ನು ಹಿಂದಿನ ಸೀಟಿನಲ್ಲಿ ನಾಯಿಯ ಕಂಬಳಿಯ ಕೆಳಗಿಟ್ಟು, ಮೇಲೆ ಜೂಚಾನನ್ನು ಮಲಗಿಸಿದರು. ಅಧಿಕಾರಿ ಬಗ್ಗಿ, ‘ತೋರಿಸೋದು ಏನಾದ್ರೂ ಇದೆಯಾ?’ ಅಂದ. ಅಪ್ಪ, ‘ನಾಯಿ ಇದೆ. ಎಬ್ಬಿಸಿ ತೋರಿಸ್ಲಾ?’ ಅಂದರು. ಜೂಚಾ ತಾನಾಗಿಯೇ ಎದ್ದು ಆ ಟೋಪಿಯ ಮುಖಕ್ಕೇ ಬೊಗಳಿದ. ‘ಹೋಗಿ ಮಾರಾಯ್ರೇ, ನಿಮ್ಮ ನಾಯಿ ನಿಮಗಿರಲಿ’ ಎಂದು ಅಧಿಕಾರಿ ಕೈ ಬೀಸಿದ. ಅಂದಿನಿಂದ ಅಪ್ಪನಿಗೆ ಅದೇ ಚಟ. ನೆಂಟರು ಬಂದಾಗಲೆಲ್ಲ ಬ್ರಾಂದಿಯ ಲೋಟ ಹಿಡಿದು ‘ಕಸ್ಟಮ್ಸ್!’ ಅನ್ನುವರು, ಜೂಚಾ ‘ಭೌ’ ಅನ್ನುವನು, ಪ್ರತಿ ಭೌಗೂ ಒಂದು ತುಂಡು ಸಾಸೇಜು. ಅಷ್ಟು ಚೆನ್ನಾಗಿ ನಾವಿಬ್ಬರೂ ಯಾವ ಪಾಠವನ್ನೂ ಕಲಿತಿರಲಿಲ್ಲ.

ಆ ಚಳಿಗಾಲವಿಡೀ ನೀನು ಕೂತು ಬರೆದ ಆಟಕ್ಕೂ ಅದೇ ಕಥೆ, ಹೆಸರೂ ‘ಕಸ್ಟಮ್ಸ್’. ನಾಯಿಯೇ ನಾಯಕ. ಹಳದಿ ಚೌಕಗಳ ಜೂಚಾ ಕಂಬಳಿಯಡಿ ಪೊಟ್ಟಣಗಳನ್ನು ಬಚ್ಚಿಟ್ಟು ಟೋಪಿಯವರ ನಡುವೆ ನುಸುಳಬೇಕು. ಬಾಲ ಅಲ್ಲಾಡುವಂತೆ ಮಾಡಲು ನಿನಗೆ ಹನ್ನೊಂದು ದಿನ ಹಿಡಿಯಿತು. ನಿನ್ನ ಬಾಲಲೀಲೆ ಎಂದು ನಾನು ಅಣಕಿಸುತ್ತಿದ್ದೆ. ‘ಮುಗಿದ ಮೇಲೆ ಮೊದಲ ಆಟ ನಿನ್ನದೇ ಕಣೇ’ ಎಂದು ನೀನು ಮಾತು ಕೊಟ್ಟಿದ್ದೆ.

ಆಮೇಲೆ ನೀನು ಅದನ್ನು ರೇಡಿಯೋಗೆ ಕಳಿಸಿದೆ. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ: ಶನಿವಾರ ರೇಡಿಯೋದವರು ಆಟದ ಕ್ಯಾಸೆಟ್ಟನ್ನು ಗಾಳಿಯಲ್ಲಿ ಬಿಡುತ್ತಿದ್ದರು. ಕೊಳಾಯಿಯೊಳಗೆ ಸಾವಿರ ಜೀರುಂಡೆ ಹೊಕ್ಕಂಥ ಕಿರಿಚಾಟ. ಅದನ್ನು ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡು ಕಂಪ್ಯೂಟರಿಗೆ ಉಣಿಸಿದರೆ ಅದೇ ಆಟವಾಗುತ್ತಿತ್ತು. ನಿನ್ನ ಹತ್ತಿರ ಇದ್ದ ಇನ್ನೊಂದು ಪ್ರತಿಯನ್ನು ಜೂಚಾ ಅಗಿದಿದ್ದ, ರೇಡಿಯೋದಿಂದ ರೆಕಾರ್ಡರಿಗೆ ಹಾಕುವ ವೈರನ್ನೂ ಅಗಿದಿದ್ದ. ಕಳಿಸಿದ ಕ್ಯಾಸೆಟ್ ಹಿಂದೆ ಬರುವ ಪದ್ಧತಿ ಇರಲಿಲ್ಲ. ಹಾಗಾಗಿ ನಿನ್ನ ಆಟ ನಿನಗೇ ಸಿಗಬೇಕಾದರೆ ಆ ಐದು ನಿಮಿಷ ರೇಡಿಯೋದ ಬಾಯಿಗೆ ಮೈಕ್ ಹಿಡಿದು ಕೂರಬೇಕಿತ್ತು.

ಅಂಥ ಮೌನ ನಮ್ಮ ಮನೆಯಲ್ಲಿ ಸಾವಾದಾಗಲೂ ಇರಲಿಲ್ಲ. ನೀನು ಫ್ರಿಜ್ಜಿನ ಪ್ಲಗ್ ಕಿತ್ತೆ. ಗೋಡೆ ಗಡಿಯಾರವನ್ನು ಬಚ್ಚಲಿಗೆ ಸಾಗಿಸಿದೆ. ಅಮ್ಮ ಕಾಫಿ ಬೀಸುವ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆಟ ಲೋಡ್ ಆಗಲೆಂದು ಅಜ್ಜಿ ಲೋಡಿಗೊರಗಿ ಶಿಲುಬೆಯ ಗುರುತು ಹಾಕಿಕೊಂಡರು. ಜೂಚಾನನ್ನು ಬೇರೆ ಕೋಣೆಯಲ್ಲಿ ಹಾಕಿದರೆ ಊಳಿಡುತ್ತಾನೆಂದು, ನನ್ನ ಮಡಿಲಲ್ಲಿ, ಮೈಕಿನ ಪಕ್ಕದಲ್ಲೇ ನೀನು ಕೂರಿಸಿದೆ. ‘ಅವನು ಕಮಕ್ ಕಿಮಕ್ ಅನ್ನದ ಹಾಗೆ ನೋಡ್ಕೋ. ನಿನ್ನ ಕೈಲಿದೆ ಎಲ್ಲ’ ಅಂದೆ. ಅದೇ ಉಸಿರಿನಲ್ಲಿ, ಮೇಲಿನ ಮನೆಯ ಮಿರ್ಯಾನಾ ಸಂಜೆ ಬರುತ್ತಾಳೆ, ಮೊದಲ ಆಟ ಅವಳದ್ದು, ನಿನಗೆ ನಾಳೆ, ಅಂತಲೂ ಅಂದೆ.

ಮೂರನೆಯ ನಿಮಿಷದಲ್ಲಿ ಜೂಚಾ ಬೊಗಳಿದ.

ನಾಯಿ ಬೊಗಳಿದರೆ ದೇವಲೋಕ ಹಾಳಾಗದು ಎನ್ನುತ್ತಾರೆ. ನಿನ್ನ ಲೋಕ ಹಾಳಾಯಿತು. ನೀನು ಆರು ಸಲ ಹಾಕಿ ನೋಡಿದೆ, ಆರು ಸಲವೂ ಅರ್ಧಕ್ಕೇ ನಿಂತಿತು. ‘ಈ ಮನೇಲಿ ಒಂದೋ ನಾನಿರ್ತೀನಿ, ಇಲ್ಲಾ ಆ ನಾಯಿ ಇರುತ್ತೆ’ ಎಂದು ಊಟದ ತಟ್ಟೆ ತಳ್ಳಿದೆ. ಹದಿನೇಳು ವರ್ಷದವರ ಮಾತನ್ನು ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬಾರದು. ಆದರೆ ಅಪ್ಪ ತೆಗೆದುಕೊಂಡರು. ಭಾನುವಾರ ಜೂಚಾ ಡೊಲೊವೊದ ಚಿಕ್ಕಪ್ಪನ ಅಂಗಳ ಸೇರಿದ, ಸರಪಳಿಗೆ. ನವೆಂಬರಿನಲ್ಲಿ ಸರಪಳಿ ತುಂಡಾಗಿತ್ತು, ಜೂಚಾ ಇರಲಿಲ್ಲ. ಮನೆಗೆ ಬರುವ ದಾರಿ ಹಿಡಿದಿರಬೇಕು, ಬರಲಿಲ್ಲ.

ಆ ತಿಂಗಳು ಮೂರು ಭಾನುವಾರ ನೀನು ಗಣಿತದ ಪಾಠಕ್ಕೆಂದು ಹೇಳಿ ಸೈಕಲ್ಲಿನಲ್ಲಿ ಹೋದೆ. ಯಾವ ಗಣಿತದ ಮೇಷ್ಟರ ಮನೆಯಲ್ಲೂ ಮೊಣಕಾಲುದ್ದ ಹೊಲದ ಕೆಸರಿರುವುದಿಲ್ಲ ಅಣ್ಣ. ನಿನ್ನ ಪ್ಯಾಂಟನ್ನು ಅಮ್ಮನಿಗೆ ಕಾಣದಂತೆ ತೊಳೆದವಳು ನಾನು. ಆಮೇಲೆ ನೀನು ಕಂಪ್ಯೂಟರಿಗೆ ಬಟ್ಟೆ ಹೊದಿಸಿದೆ, ಮತ್ತೆ ತೆಗೆಯಲಿಲ್ಲ. ಇವತ್ತಿಗೂ ಸೊಂಬೊರಿನಲ್ಲಿ ಸಂಜೆ ಒಬ್ಬನೇ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತೀ. ಎದುರಿಗೆ ನಾಯಿ ಬಂದರೆ ರಸ್ತೆ ದಾಟುತ್ತೀ, ನಿನ್ನ ಗುರುತು ಹಿಡಿದುಬಿಡುತ್ತದೆ ಎನ್ನುವ ಹಾಗೆ.

ಈಗ ಒಳ್ಳೆಯ ಸುದ್ದಿ. ಬೆಲ್‌ಗ್ರೇಡಿನಲ್ಲಿ ಹಳೆ ಕಂಪ್ಯೂಟರಿನ ಹುಚ್ಚರ ಸಂಘವೊಂದಿದೆ. ಅಲ್ಲಿನ ತಿಹೊಮಿರ್ ಎಂಬುವರಿಗೆ ಕ್ಯಾಸೆಟ್ ಕೊಟ್ಟೆ. ಅದೇ ಶನಿವಾರ ಉಝಿತ್ಸೆಯಲ್ಲಿ ಯಾರೋ ಇದೇ ಆಟವನ್ನು ರೆಕಾರ್ಡ್ ಮಾಡಿದ್ದರಂತೆ. ಅವರ ಟೇಪು ಕೊನೆಯ ನಿಮಿಷಕ್ಕೆ ಮುಗಿದುಹೋಗಿತ್ತು. ಅವರದಕ್ಕೆ ಕೊನೆಯಿಲ್ಲ, ನಮ್ಮದಕ್ಕೆ ನಡುವಿಲ್ಲ. ಎರಡನ್ನೂ ಹೊಲಿದರು. ‘ಬೊಗಳಿದ್ದನ್ನ ಪೂರ್ತಿ ಕಿತ್ತು ಹಾಕಿದೀನಿ ಮೇಡಂ, ಈಗ ಕ್ಲೀನಾಗಿದೆ’ ಎಂದು ಹೆಮ್ಮೆಯಿಂದ ಹೇಳಿದರು. ‘ಕಿತ್ತಿದ್ದನ್ನ ಎಸೀಬೇಡಿ, ನನಗೆ ಬೇಕಾದ್ದು ಅದೇ’ ಅಂದೆ. ನನ್ನನ್ನೂ ಸಂಘದ ಸದಸ್ಯಳೆಂದೇ ತಿಳಿದಿರಬೇಕು.

ಕವರಿನಲ್ಲಿರುವ ಪೆನ್‌ಡ್ರೈವಿನಲ್ಲಿ ಎರಡೂ ಇವೆ. ಒಂದು ನಿನ್ನ ಆಟ. ಹಳದಿ ಬಾಲ ಅಲ್ಲಾಡುತ್ತದೆ. ಹನ್ನೊಂದು ದಿನ ದಂಡವಾಗಿಲ್ಲ. ನಾನಿನ್ನೂ ಆಡಿಲ್ಲ, ತೆರೆದು ನೋಡಿದೆ ಅಷ್ಟೆ. ಇನ್ನೊಂದು ಜೂಚಾನ ದನಿ. ನಮ್ಮ ಹತ್ತಿರ ಅವನ ಫೋಟೋಗಳಿವೆ, ಅವನು ಹಲ್ಲೂರಿದ ಕ್ಯಾಸೆಟ್ಟುಗಳಿವೆ, ದನಿ ಮಾತ್ರ ಇದೊಂದೇ. ಕಿಫ್ಲಾ ಅದನ್ನು ಕೇಳಿ ಬಾಗಿಲ ಬಳಿ ಹೋಗಿ ನಿಂತಳು. ಮರಿ ಮೇಜಿನಡಿಯಿಂದ ಉತ್ತರ ಕೊಟ್ಟಿತು.

ಹಾಳು ಎಂದು ಬರೆದದ್ದನ್ನು ಹೊಡೆದುಹಾಕು, ಪೆನ್ನು ನಿನ್ನದೇ ಇರಲಿ. ಮೆಣಸಿನಕಾಯಿ ಸುಟ್ಟು ಐವಾರ್ ಚಟ್ನಿ ಮಾಡಿದ್ದೇನೆ, ಎರಡು ಜಾಡಿ ನಿನ್ನ ಹೆಸರಿಗಿವೆ.

ನಿನ್ನ ಮಾತು ಕೇಳದ ತಂಗಿ,
ನೆವೆಂಕಾ

ಮರೆತ ಮಾತು: ಮರೆತದ್ದಲ್ಲ, ಮೂವತ್ತೊಂಬತ್ತು ವರ್ಷದಿಂದ ಬಾಯಿಗೆ ಬಂದು ಹಿಂದೆ ಹೋದದ್ದು. ಆ ಬೊಗಳನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳು. ಅದಕ್ಕೆ ಸ್ವಲ್ಪ ಮೊದಲು, ಜೀರುಂಡೆಗಳ ನಡುವೆ, ಯಾರೋ ಪಿಸುಗುಟ್ಟಿದ್ದು ಕೇಳಿಸುತ್ತದೆ. ತಿಹೊಮಿರ್, ‘ಇದು ರೇಡಿಯೋದವರ ದನಿಯಾ ಮೇಡಂ?’ ಎಂದು ಕೇಳಿದರು. ಹೌದು ಅಂದೆ. ಅಲ್ಲ ಅಣ್ಣ. ಅದು ಮೊದಲ ಆಟ ಮಿರ್ಯಾನಾಳ ಪಾಲಾಯಿತೆಂದು ಉರಿಯುತ್ತಿದ್ದ ಹತ್ತು ವರ್ಷದವಳು. ಅಂದದ್ದು ಒಂದೇ ಪದ, ‘ಕಸ್ಟಮ್ಸ್’. ಹೇಳಿದ ಮಾತನ್ನು ಜೂಚಾ ಕೇಳಿದ, ಅಷ್ಟೆ. ಸಾಸೇಜಿಗಾಗಿ ನನ್ನ ಮುಖ ನೋಡಿದ. ನೀನು ಅವನ ಮೇಲೆ ಕೂಗಾಡುವಾಗ ನಾನು ಸುಮ್ಮನಿದ್ದೆ. ಯೋಗ್ಯತೆ ಇಲ್ಲದ್ದು ಯಾರಿಗೆಂದು ಈಗಲಾದರೂ ಸರಿಯಾಗಿ ತೀರ್ಮಾನ ಮಾಡು.

ಟೈರ್ ಅಂಗಡಿಯವನಿಗೆ ಇಲ್ಲವೆಂದು ಹೇಳಿಯಾಯಿತು. ಶನಿವಾರ ಹತ್ತೂವರೆಯ ಬಸ್ಸಿಗೆ ನಾನೂ ಮರಿಯೂ ಇಬ್ಬರೂ ಬಂದಿಳಿಯುತ್ತೇವೆ. ಬೈಯುವುದಿದ್ದರೆ ನನ್ನನ್ನು ನಿಲ್ದಾಣದಲ್ಲೇ ಬೈದು ಮರಳುವ ಬಸ್ಸಿಗೆ ಹತ್ತಿಸು, ಅವನನ್ನು ಮಾತ್ರ ಇಟ್ಟುಕೋ. ಅವನಿಗೆ ಆ ಪದ ನಾನು ಕಲಿಸಿಲ್ಲ.