ಡೈದ ಎಡ ಮೂಲಿ

ಉಸ್ತಾದ್ರ, ನಿಮ್ಮ ಸಂಗ್ಯಾನ ಸಲಾಮು.

ನಿಮಗ ಮಣ್ಣು ಕೊಟ್ಟು ಬಂದ ಮರುದಿನಾನ ವರ್ಕ್‌ಶಾಪ್ ಬಾಗಿಲಾ ತಗದೆ. ನಿಮ್ಮ ಕೈಲೆ ಮಾಡಿದ್ದು ಅಂತ ಈಗ ಉಳದದ್ದು ಒಂದ ಡೈ, ಡ್ರಿಪ್ ಪೈಪಿನ ಮುಚ್ಚಳಾ ಒತ್ತೂ ಉಕ್ಕಿನ ಅಚ್ಚು. ಅದರಾಗ ಒತ್ತಿ ತಗದ ಮುಚ್ಚಳಾ ಇನ್ನೂ ಬಿಜ್ಜರಗಿ, ಜೈನಾಪುರದ ದ್ರಾಕ್ಷಿ ತ್ವಾಟಕ್ಕ ಹೋಗತಾವ. ಈ ವರ್ಷ ಎಡ ಮೂಲಿ ಸವದು ಪ್ಲಾಸ್ಟಿಕ್ ಹೊರಗ ಸೋರಾಕತ್ತಿತು. ಮಷಿನ್ನಿನ ಮ್ಯಾಲ ಸಂಶಯ ಪಟ್ಟೆ, ಪ್ಲಾಸ್ಟಿಕ್ ಮಾರಾಂವನ ಮ್ಯಾಲೂ ಪಟ್ಟೆ.

ನಿಮ್ಮ ನಸ್ರೀನ್ ಪುಣೇದಿಂದ ಬಂದಾಕಿ ನೋಡಿ, "ಕಾಕಾ, ಕೋಲ್ಡ್ ಸ್ಪ್ರೇ ಮಾಡೂಣು. ಲೋಹದ ಪುಡಿ ಜೋರ್ ಗಾಳಿಲೆ ಹೊಡದ್ರ ಕರಗದನ ಹತ್ತಿಕೊಂತೈತಿ" ಅಂದ್ಲು. ಬೆಂಕಿ ಇಲ್ದ ಬೆಸಗಿ! ಯಾರ್ ನಂಬಬೇಕ್ರಿ? "ತ್ಯಾಪಿ ಹಚ್ಚಿದ ಡೈ ನನ್ನ ಅಂಗಡ್ಯಾಗ ಇರಬಾರ್ದು" ಅಂತಿದ್ದವರು ನೀವು. "ಉದುರಿ ಹ್ವಾದ್ರ? ನಿಮ್ಮಪ್ಪನ ಕೈದ್ದು ಇದೊಂದ ಐತಿ" ಅಂದೆ. "ಉದುರಿದ್ರ ನನ್ನ ಬೈರಿ" ಅಂದ್ಲು. ಖರೇನ ನಿಮ್ಮ ಮಗಳ ಬಿಡ್ರಿ!

ಪುಣೇದಾಗ ಅಕಿ ಕೆಲಸಾ ಮಾಡೂ ಕಾರ್ಖಾನಿಗೆ ಹೋಗೂತನಕ ಡೈ ತೊಡಿ ಮ್ಯಾಲ ಇಟಗೊಂಡ ಕುಂತಿದ್ದೆ, ಯಾರ ಕೈಗೂ ಕೊಡಲಿಲ್ಲ. ಪುಡಿ ಹೊಡ್ಯೂದಕ್ಕ ಮೊದಲ ಮೂಲಿ ಮ್ಯಾಲಿನ ಮಸಿ ತಿಕ್ಕಿ ತಗದ್ರು. ಕೆಳಗ ಹಳದಿ ಕಾಣಸ್ತು. ಹಿತ್ತಾಳಿ! "ಮೂಲಿ ಯಾವಾಗೋ ಒಡದೈತಿ ಕಾಕಾ. ಯಾರೋ ಹಿತ್ತಾಳಿ ಬೆಸಗಿ ಹಾಕ್ಯಾರ. ಮೆತ್ತಂದು, ಅದಕ್ಕ ಲಗೂನ ಸವದೈತಿ" ಅಂದ್ಲು. ನನಗ ಹಳೇದೊಂದು ದಿನಾ ನೆನಪಾತು.

ನಿಮ್ಮ ಕಡೆ ಹೊಸದಾಗಿ ಕೆಲಸಾ ಕಲಿಯೂ ಮುಂದ ಒಂದಿನ, ನೀವು ನಮಾಜಿಗೆ ಹ್ವಾದಾಗ ಆ ಡೈ ನನ್ನ ಕೈ ಜಾರಿ ಬಿದ್ದಿತ್ತು. ಇದ ಎಡ ಮೂಲಿಗೆ ಬಿರುಕು ಬಿತ್ತು. ಎಣ್ಣಿ ಒರಸಿ, ಹೇಳದ ಇಟ್ಟುಬಿಟ್ಟೆ. ಮುಂದಿನ ವಾರ ನೀವು ಅದಕ್ಕ ಮ್ಯಾಲ ಹೊಳಿಯೂ ಕ್ರೋಮ್ ಲೇಪಾ ಹಚ್ಚಿಸ್ಕೊಂಡ ತಂದ್ರಿ. ಬಿರುಕು ಕಾಣಲಿಲ್ಲ, ಬಚಾವಾದೆ ಅಂದಕೊಂಡೆ. ಕ್ರೋಮಿನ ಕೆಳಗ ತ್ಯಾಪಿ ಹಚ್ಚಿದವರು ನೀವ? ಎಲ್ಲಾ ಗೊತ್ತಿದ್ದೂ ಒಂದ ಮಾತು ಬೈಲಿಲ್ಲಲ್ರಿ. ಬೈದಿದ್ರ ನಾ ಅವತ್ತ ಊರಿಗೆ ಓಡಿ ಹೋಗತಿದ್ದೆನೇನೋ, ಅದನ್ನ ಯೋಚನಿ ಮಾಡಿ ನೀವು...

ಸ್ಪ್ರೇ ಹತ್ಯೈತ್ರಿ. ಸೋರೂದು ನಿಂತೈತಿ. ಆದ್ರೂ ನನಗ ನಂಬಿಕಿ ಇಲ್ಲ, ದಿನಾ ಮುಂಜಾನೆ ಉಗುರಲೆ ಮೂಲಿ ಕೆರದು ನೋಡತೀನಿ. ನಸ್ರೀನ್ ನಿನ್ನೆ ಫೋನ್ ಮಾಡಿ, "ಯಾರ್ ಒಡದಿದ್ರು ಕಾಕಾ?" ಅಂತ ಕೇಳಿದ್ಲು. ಅಕಿಗೆ ನಾಳೆ ಹೇಳತೀನಿ. ಮೊದಲ ನಿಮಗ ಹೇಳಬೇಕಾಗಿತ್ತು.

ಡೈ ಬೀಳಿಸಿದಾಂವ ನಾನ ರೀ, ಉಸ್ತಾದ್ರ.

ಘೋಣಸಗಿ ಸಂಗ್ಯಾ